ಪ್ಲೇನೋದ ಡಾಕ್ಟರಿಗೂ ದುಬೈಯ ನರ್ಸಿಗೂ ಒಂದೇ ಚಿಂತೆ: ಕೆಲಸ, ವೀಸಾ, ಉಳಿತಾಯ ಮೂರನ್ನೂ ಒಂದೇ ಗೂಟಕ್ಕೆ ಕಟ್ಟಿದರೆ?

ಮಗನೋ ಮಗಳೋ ಅಮೆರಿಕದಲ್ಲಿ ಡಾಕ್ಟರ್ ಅಂದ್ರೆ ಆ ಮನೆಯ ಕಷ್ಟ ತೀರಿತು ಅಂತ ಊರಿನಲ್ಲಿ ಒಂದು ನಂಬಿಕೆ ಇದೆ. ಗಲ್ಫ್‌ನಲ್ಲಿ ದುಡಿಯುವ ನಮ್ಮಲ್ಲೂ ಎಷ್ಟೋ ಮಂದಿ ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಮೆಡಿಕಲ್ ಓದಿಸುವಾಗ ಮನಸ್ಸಿನ ಮೂಲೆಯಲ್ಲಿ ಅದೇ ಆಸೆ ಇರುತ್ತದೆ. ಇಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕನ್ನಡಿಗ ಡಾಕ್ಟರುಗಳಲ್ಲೂ "ಎಷ್ಟು ವರ್ಷ ಇದ್ದರೂ ಇಲ್ಲಿ ನಮ್ಮದು ಅಂತ ಏನೂ ಆಗುವುದಿಲ್ಲ, ಅಮೆರಿಕವೇ ವಾಸಿ" ಎನ್ನುವವರು ಕಡಿಮೆ ಇಲ್ಲ.

ಹಾಗೆ ಹೋದವರಲ್ಲಿ ಅನೇಕರು ನೆಲೆಸುವ ಜಾಗ ಟೆಕ್ಸಾಸ್. ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೋ, ಅದರ ಪಕ್ಕದ ಫ್ರಿಸ್ಕೋ, ದಕ್ಷಿಣದಲ್ಲಿ ಹ್ಯೂಸ್ಟನ್, ನಡುವೆ ಆಸ್ಟಿನ್. ಎಲ್ಲ ಕಡೆ ಭಾರತೀಯರು ತುಂಬಿದ್ದಾರೆ, ಕನ್ನಡ ಸಂಘಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ರಾಜ್ಯ ಸರ್ಕಾರಕ್ಕೆ ಆದಾಯ ತೆರಿಗೆ ಕಟ್ಟಬೇಕಾಗಿಲ್ಲ. ಸಂಬಳವಂತೂ ನಮ್ಮ ಲೆಕ್ಕಕ್ಕೆ ಸಿಗದಷ್ಟು. ಹಾಗಾದರೆ ಅಲ್ಲಿನ ಡಾಕ್ಟರಿಗೆ ಚಿಂತೆ ಏನು? ಬಿಡಿಸಿ ನೋಡಿದರೆ ನಮ್ಮದೇ ಚಿಂತೆ. ಕೆಲಸ ಹೋದರೆ ವೀಸಾ ಏನಾಗುತ್ತದೆ, ಆಸ್ಪತ್ರೆ ಮುಳುಗಿದರೆ ಬಾಕಿ ಯಾರು ಕೊಡುತ್ತಾರೆ, ಉಳಿಸಿದ ದುಡ್ಡು ಎಲ್ಲಿಟ್ಟರೆ ಉಳಿಯುತ್ತದೆ.

ವೀಸಾ: ಕಫಾಲ ಅನ್ನುವ ಹೆಸರಿಲ್ಲ, ಹಿಡಿತ ಇದೆ

ಭಾರತದಲ್ಲಿ ಎಂಬಿಬಿಎಸ್ ಮುಗಿಸಿದವರು ಅಮೆರಿಕದಲ್ಲಿ ಯುಎಸ್‌ಎಂಎಲ್‌ಇ ಪರೀಕ್ಷೆ ಪಾಸಾಗಿ ಮತ್ತೆ ರೆಸಿಡೆನ್ಸಿ ಮಾಡಬೇಕು. ಬಹಳ ಮಂದಿ ಇದಕ್ಕೆ ಹೋಗುವುದು ಜೆ-1 ವೀಸಾದಲ್ಲಿ. ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು ಎಂಬುದು ಅದರ ಷರತ್ತು. ಮರಳದೆ ಉಳಿಯಲು ಇರುವ ಮುಖ್ಯ ದಾರಿ 1994ರಲ್ಲಿ ಶುರುವಾದ ಕಾನ್ರಾಡ್ ಯೋಜನೆ. ಡಾಕ್ಟರುಗಳ ಕೊರತೆ ಇರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡಲು ಒಪ್ಪಿದರೆ ಆ ಷರತ್ತು ಮನ್ನಾ. ಆದರೆ ಒಂದು ರಾಜ್ಯಕ್ಕೆ ವರ್ಷಕ್ಕೆ ಸಿಗುವುದು 30 ಸ್ಥಾನ ಮಾತ್ರ. ಟೆಕ್ಸಾಸ್‌ನಂಥ ದೊಡ್ಡ ರಾಜ್ಯಕ್ಕೂ 30, ಪುಟ್ಟ ವರ್ಮಾಂಟ್‌ಗೂ 30.

ಅಂದರೆ ಈ ದಾರಿಯಲ್ಲಿ ಹೋದವರು ನೇರವಾಗಿ ಪ್ಲೇನೋದಲ್ಲಿ ಇಳಿಯುವುದು ಕಷ್ಟ. ಮೊದಲು ಯಾವುದೋ ದೂರದ ಸಣ್ಣ ಊರಿನಲ್ಲಿ ಮೂರು ವರ್ಷ ಸವೆಸಬೇಕು. ಆ ಮೂರು ವರ್ಷ ಮಾಲೀಕ ಎಷ್ಟು ಶಿಫ್ಟ್ ಹಾಕಿದರೂ, ಎಷ್ಟು ರೋಗಿಗಳನ್ನು ನೋಡು ಅಂದರೂ, ಕೆಲಸ ಬಿಟ್ಟು ಹೋಗುವುದು ಸುಲಭವಲ್ಲ.

ಆಮೇಲೆ ಎಚ್-1ಬಿ. ಇಲ್ಲಿ ನಮಗಿಂತ ಒಂದು ಅನುಕೂಲ ಇದೆ. ಹೊಸ ಆಸ್ಪತ್ರೆ ಅರ್ಜಿ ಹಾಕಿದರೆ ಸಾಕು, ಹಳೆಯ ಮಾಲೀಕನ ಎನ್‌ಒಸಿ ಕೇಳಬೇಕಾಗಿಲ್ಲ. ಆದರೆ ಕೆಲಸ ಹೋದರೆ ಬೇರೆ ದಾರಿ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದರು. ಅಮೆರಿಕದ ಒಳಗಿದ್ದುಕೊಂಡೇ ವೀಸಾ ಬದಲಿಸುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ಅಕ್ಟೋಬರ್‌ನಲ್ಲಿ ಸ್ಪಷ್ಟೀಕರಣ ಬಂತು. ಆದರೆ ಮಂಗಳೂರಿನಿಂದಲೋ ಮಸ್ಕತ್‌ನಿಂದಲೋ ಹೊಸದಾಗಿ ಹೋಗಬೇಕಾದ ಡಾಕ್ಟರಿಗಾಗಿ ಒಂದು ಸಣ್ಣ ಆಸ್ಪತ್ರೆ ಅಷ್ಟು ಹಣ ಕಟ್ಟುತ್ತದೆಯೇ?

ಗ್ರೀನ್ ಕಾರ್ಡ್ ಕಥೆ ಇನ್ನೂ ಉದ್ದ. ಒಂದು ದೇಶದವರಿಗೆ ವರ್ಷದ ಒಟ್ಟು ಸಂಖ್ಯೆಯಲ್ಲಿ ಶೇ. 7 ಎಂಬ ಮಿತಿ ಇರುವುದರಿಂದ ಭಾರತೀಯರ ಸಾಲು ಬೆಳೆಯುತ್ತಲೇ ಇದೆ. ಉನ್ನತ ಪದವಿಯವರ ಇಬಿ-2 ವಿಭಾಗದಲ್ಲಿ 2025ರ ಅಕ್ಟೋಬರ್‌ನಲ್ಲಿ ಸರದಿ ಬಂದದ್ದು 2013ರ ಏಪ್ರಿಲ್‌ಗಿಂತ ಹಿಂದೆ ಅರ್ಜಿ ಹಾಕಿದವರಿಗೆ! ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಅವರು ತಂದೆ ತಾಯಿಯ ಅರ್ಜಿಯಿಂದ ಹೊರಗೆ ಬೀಳುವ ಅಪಾಯ ಇದೆ. ಅಲ್ಲೂ ಮಕ್ಕಳು ದೊಡ್ಡವರಾದ ಕೂಡಲೇ ವೀಸಾ ಚಿಂತೆ ಶುರು.

ಆಸ್ಪತ್ರೆ: ದೊಡ್ಡ ಬೋರ್ಡ್ ಇದ್ದರೆ ಭದ್ರ ಅಲ್ಲ

ಗಲ್ಫ್ ಕನ್ನಡಿಗರಿಗೆ ಎನ್‌ಎಂಸಿ ಕಥೆ ಬಾಯಿಪಾಠ. ಕಾಪುವಿನಿಂದ ಬಂದ ಬಿ.ಆರ್. ಶೆಟ್ಟರು 1975ರಲ್ಲಿ ಅಬುಧಾಬಿಯಲ್ಲಿ ಶುರುಮಾಡಿದ ಸಂಸ್ಥೆ 2012ರಲ್ಲಿ ಲಂಡನ್ ಷೇರುಪೇಟೆಗೆ ಹೋಯಿತು. 2019ರ ಡಿಸೆಂಬರ್‌ನಲ್ಲಿ ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಸಂಸ್ಥೆ ಲೆಕ್ಕಪತ್ರದ ಬಗ್ಗೆ ಅನುಮಾನ ಎತ್ತಿತು. ಕೆಲವೇ ತಿಂಗಳಲ್ಲಿ 400 ಕೋಟಿ ಡಾಲರಿಗೂ ಹೆಚ್ಚು ಮುಚ್ಚಿಟ್ಟ ಸಾಲ ಹೊರಬಂತು. 2020ರ ಏಪ್ರಿಲ್‌ನಲ್ಲಿ ಸಂಸ್ಥೆ ಕೋರ್ಟ್ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ತಾವೇ ಮೋಸಕ್ಕೆ ಒಳಗಾದವರು ಎಂದು ಶೆಟ್ಟರು ಹೇಳುತ್ತ ಬಂದಿದ್ದಾರೆ. ಅದೇ ಸಮಯದಲ್ಲಿ ಅವರ ಸಮೂಹದ ಯುಎಇ ಎಕ್ಸ್‌ಚೇಂಜ್ ಹೊಸ ವಹಿವಾಟು ನಿಲ್ಲಿಸಿದಾಗ ಊರಿಗೆ ಹಣ ಕಳಿಸಲು ನಿಂತವರು ಕೈಕೈ ಹಿಸುಕಿಕೊಂಡದ್ದು ನಮಗೆಲ್ಲ ನೆನಪಿದೆ.

ಇಂಥದ್ದು ಗಲ್ಫ್‌ನಲ್ಲಿ ಮಾತ್ರ ಆಗುತ್ತದೆ ಅಂದುಕೊಂಡರೆ ತಪ್ಪು. ಪ್ಲೇನೋದಿಂದ ಸ್ವಲ್ಪವೇ ದೂರದ ಡಲ್ಲಾಸ್‌ನಲ್ಲಿ ಕೇಂದ್ರ ಕಚೇರಿ ಇದ್ದ ಸ್ಟೀವರ್ಡ್ ಹೆಲ್ತ್ ಕೇರ್ 8 ರಾಜ್ಯಗಳಲ್ಲಿ 31 ಆಸ್ಪತ್ರೆ ನಡೆಸುತ್ತಿತ್ತು. ಆಸ್ಪತ್ರೆಗಳ ನೆಲ ಮತ್ತು ಕಟ್ಟಡವನ್ನು ಮಾರಿ, ಅದೇ ಕಟ್ಟಡಗಳಿಗೆ ಬಾಡಿಗೆ ಕಟ್ಟುವ ವ್ಯವಹಾರಕ್ಕೆ ಅದು ಇಳಿದಿತ್ತು. ಮಾರಿದ ಹಣ ಹೋಯಿತು, ಬಾಡಿಗೆ ಉಳಿಯಿತು. ಸಾಮಾನು ಕೊಟ್ಟವರಿಗೆ ಬಾಕಿ ಬೆಳೆಯಿತು. 2024ರ ಮೇ 6ರಂದು ಹ್ಯೂಸ್ಟನ್‌ನ ಕೋರ್ಟಿನಲ್ಲಿ ದಿವಾಳಿ ಅರ್ಜಿ. ಆ ವರ್ಷದ ಆಗಸ್ಟ್ ಕೊನೆಗೆ ಮ್ಯಾಸಚೂಸೆಟ್ಸ್‌ನ ಎರಡು ಆಸ್ಪತ್ರೆಗಳಿಗೆ ಬೀಗ ಬಿತ್ತು. ಸುಮಾರು 30 ಸಾವಿರ ನೌಕರರ ಸಂಸ್ಥೆ ಅದು. ಅಂಥ ಕಡೆ ವೀಸಾದಲ್ಲಿ ಇರುವ ಡಾಕ್ಟರಿಗೆ ಸಂಬಳದ ಜೊತೆಗೆ ಆ ದೇಶದಲ್ಲಿ ಇರುವ ಹಕ್ಕೂ ಅಲುಗಾಡುತ್ತದೆ.

ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ಆಸ್ಪತ್ರೆ ಬಿಟ್ಟ ಡಾಕ್ಟರ್ ಆ ಊರಿನಲ್ಲಿ ಬೇರೆಡೆ ಕೆಲಸ ಮಾಡಬಾರದು ಎಂಬ ಕರಾರಿಗೆ ಟೆಕ್ಸಾಸ್ 2025ರಲ್ಲಿ ಕಡಿವಾಣ ಹಾಕಿತು. ಸೆಪ್ಟೆಂಬರ್ 1ರಿಂದ ಮಾಡಿದ ಕರಾರುಗಳಲ್ಲಿ ಈ ನಿರ್ಬಂಧ ಒಂದು ವರ್ಷ, ಐದು ಮೈಲಿ ಮೀರುವಂತಿಲ್ಲ. ಬಿಡಿಸಿಕೊಳ್ಳಲು ಕೇಳುವ ಹಣ ಒಂದು ವರ್ಷದ ಸಂಬಳ ದಾಟುವಂತಿಲ್ಲ. ಸರಿಯಾದ ಕಾರಣವಿಲ್ಲದೆ ತೆಗೆದುಹಾಕಿದರೆ ಡಾಕ್ಟರನ್ನು ಅದು ಕಟ್ಟಿಹಾಕುವುದೇ ಇಲ್ಲ.

ಉಳಿತಾಯ: ಗಳಿಸಿದ್ದು ಯಾರ ಹೆಸರಿನಲ್ಲಿದೆ?

ಕೈತುಂಬ ಸಂಬಳ ಬರುವ ಡಾಕ್ಟರ ಹಿಂದೆ "ನಮ್ಮಲ್ಲಿ ಹಾಕಿ" ಎನ್ನುವವರು ಸಾಲುಗಟ್ಟಿರುತ್ತಾರೆ. ಅದರಲ್ಲಿ ಒಂದು, ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಪಾಲು ಕೊಳ್ಳುವುದು. ಡಲ್ಲಾಸ್‌ನ ಫಾರೆಸ್ಟ್ ಪಾರ್ಕ್ ಮೆಡಿಕಲ್ ಸೆಂಟರ್ ಹೀಗೆ ಡಾಕ್ಟರುಗಳೇ ಪಾಲುದಾರರಾಗಿ 2009ರಲ್ಲಿ ಶುರುವಾಯಿತು. ಫ್ರಿಸ್ಕೋದಲ್ಲೂ ಶಾಖೆ ಎದ್ದಿತು. 2015ರ ಹೊತ್ತಿಗೆ ಶಾಖೆಗಳು ದಿವಾಳಿ ಹಾದಿ ಹಿಡಿದವು. ರೋಗಿಗಳನ್ನು ಕಳಿಸಲು ಡಾಕ್ಟರುಗಳಿಗೆ ಲಂಚ ಕೊಡಲಾಗಿತ್ತು ಎಂದು 2016ರಲ್ಲಿ 21 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. 2019ರಲ್ಲಿ ಜ್ಯೂರಿ ಏಳು ಮಂದಿಯನ್ನು ತಪ್ಪಿತಸ್ಥರು ಎಂದಿತು, ಅವರಲ್ಲಿ ಡಾಕ್ಟರುಗಳೂ ಇದ್ದರು.

ಹೀಗೆ ಪಾಲು ಕೊಳ್ಳದೆಯೂ ದುಡ್ಡು ಆಸ್ಪತ್ರೆಯ ಕೈಯಲ್ಲೇ ಸಿಕ್ಕಿರಬಹುದು. ಅಮೆರಿಕದಲ್ಲಿ 401(ಕೆ) ನಿವೃತ್ತಿ ಹಣ ಪ್ರತ್ಯೇಕ ಟ್ರಸ್ಟ್‌ನಲ್ಲಿ ಇರುತ್ತದೆ, ಮಾಲೀಕ ದಿವಾಳಿಯಾದರೂ ಸಾಲಗಾರರು ಮುಟ್ಟುವಂತಿಲ್ಲ. ಆದರೆ ಖಾಸಗಿ ಧರ್ಮಾರ್ಥ ಆಸ್ಪತ್ರೆಗಳು ಡಾಕ್ಟರುಗಳಿಗೆ ಕೊಡುವ 457(ಬಿ) ಎಂಬ ಖಾತೆಯ ಹಣ ಕೈಗೆ ಸೇರುವವರೆಗೂ ಕಾನೂನಿನ ಕಣ್ಣಲ್ಲಿ ಆಸ್ಪತ್ರೆಯದೇ. ಆಸ್ಪತ್ರೆ ಮುಳುಗಿದರೆ ಡಾಕ್ಟರೂ ಉಳಿದ ಸಾಲಗಾರರ ಜೊತೆ ಸಾಲಿನಲ್ಲಿ ನಿಲ್ಲಬೇಕು.

ಇದು ನಮಗೆ ಎಲ್ಲೋ ಕೇಳಿದಂತೆ ಇಲ್ಲವೇ? ನಮ್ಮ ಗ್ರಾಚ್ಯುಟಿ! ಯುಎಇ ಕಾನೂನಿನಂತೆ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ಹತ್ತು ಹದಿನೈದು ವರ್ಷ ದುಡಿದವರಿಗೆ ಅದೇ ದೊಡ್ಡ ಗಂಟು. ಆದರೆ ಬಹಳಷ್ಟು ಕಂಪೆನಿಗಳಲ್ಲಿ ಅದು ಪುಸ್ತಕದಲ್ಲಿ ಬರೆದಿಟ್ಟ ಬಾಕಿ ಮಾತ್ರ, ಬೇರೆ ತೆಗೆದಿಟ್ಟ ಹಣವಲ್ಲ. ಆ ದುಡ್ಡನ್ನು ನಂಬಿ ಊರಿನಲ್ಲಿ ಮನೆ ಸಾಲ ಮಾಡುವ ಮೊದಲು ಎರಡು ಸಲ ಯೋಚಿಸಬೇಕು. 2023ರಿಂದ ಯುಎಇಯಲ್ಲಿ ಗ್ರಾಚ್ಯುಟಿ ಹಣವನ್ನು ತಿಂಗಳು ತಿಂಗಳು ಹೊರಗಿನ ನಿಧಿಗೆ ಕಟ್ಟುವ ಐಚ್ಛಿಕ ಯೋಜನೆ ಬಂದಿದೆ. ನಿಮ್ಮ ಕಂಪೆನಿ ಸೇರಿದೆಯೇ ಎಂದು ಎಚ್‌ಆರ್ ಹತ್ತಿರ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಗಲ್ಫ್ ಬಿಟ್ಟು ಟೆಕ್ಸಾಸ್‌ಗೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಇಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲೂ ತೆರಿಗೆ ಇಲ್ಲ. ಅಮೆರಿಕದ ತೆರಿಗೆ ನಿವಾಸಿ ಆದ ದಿನದಿಂದ ಲೆಕ್ಕವೇ ಬೇರೆ. ಲೋಕದ ಯಾವ ಮೂಲೆಯಲ್ಲಿ ಗಳಿಸಿದರೂ ಅಲ್ಲಿ ತೋರಿಸಬೇಕು, ಎನ್‌ಆರ್‌ಇ ಬಡ್ಡಿಯನ್ನೂ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10 ಸಾವಿರ ಡಾಲರ್ ದಾಟಿದರೂ ಎಫ್‌ಬಿಎಆರ್ ಸಲ್ಲಿಸಬೇಕು. ಭಾರತದ ಮ್ಯೂಚುವಲ್ ಫಂಡ್‌ಗಳನ್ನು ಅಮೆರಿಕ ಪಿಎಫ್‌ಐಸಿ ಎಂಬ ವರ್ಗಕ್ಕೆ ಸೇರಿಸಿ ಭಾರೀ ತೆರಿಗೆ ಹಾಕುತ್ತದೆ. "ಅಷ್ಟು ದೂರದ ಖಾತೆ ಯಾರಿಗೆ ಗೊತ್ತಾಗುತ್ತೆ" ಅಂದುಕೊಳ್ಳಬೇಡಿ. 2015ರಲ್ಲಿ ಎರಡೂ ದೇಶ ಸಹಿ ಹಾಕಿದ ಒಪ್ಪಂದದಂತೆ ಭಾರತದ ಬ್ಯಾಂಕು, ಫಂಡ್ ಸಂಸ್ಥೆಗಳು ಮಾಹಿತಿ ಕೊಡುತ್ತವೆ. ವಿಮಾನ ಹತ್ತುವ ಮೊದಲೇ ಎರಡೂ ದೇಶದ ತೆರಿಗೆ ತಿಳಿದ ಲೆಕ್ಕಿಗರನ್ನು ಕಂಡರೆ ಆ ಫೀಸು ದಂಡವಾಗುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ಓದಿದವರು ಮೋಸ ಹೋಗುವುದಿಲ್ಲ ಎಂಬ ಭ್ರಮೆ ಬೇಡ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದು ಅದರ ಮಾಲೀಕ ದುಬೈಗೆ ಹಾರಿದಾಗ ಕಣ್ಣೀರು ಹಾಕಿದವರಲ್ಲಿ ಗಲ್ಫ್ ದುಡಿಮೆಯ ಹಣ ಇಟ್ಟಿದ್ದ ಮನೆಯವರೂ ಇದ್ದರು. ನಂಬಿಕೆ ಹುಟ್ಟಿದ್ದು ಲೆಕ್ಕಪತ್ರ ನೋಡಿ ಅಲ್ಲ, ನಮ್ಮವರು ಅನ್ನುವ ಮಾತಿನಿಂದ.

ಡಾಕ್ಟರ್ ಆಗಿರಲಿ, ಡ್ರೈವರ್ ಆಗಿರಲಿ, ಸಂಬಳ ಮತ್ತು ವೀಸಾ ಒಬ್ಬನೇ ಮಾಲೀಕನ ಕೈಯಲ್ಲಿ ಇರುವುದನ್ನು ನಾವು ತಪ್ಪಿಸಲಾರೆವು. ಉಳಿತಾಯ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನಾದರೂ ಆ ಗೂಟದಿಂದ ಬಿಚ್ಚಿ ಬೇರೆ ಕಡೆ ಕಟ್ಟಬೇಕು. ಕೆಲಸ ಕೊಟ್ಟವನ ವ್ಯಾಪಾರಕ್ಕೆ, ಅವನ ಸ್ನೇಹಿತರ ಸ್ಕೀಮಿಗೆ ಹಣ ಹಾಕಬೇಡಿ. ಆರು ತಿಂಗಳ ಮನೆ ಖರ್ಚು ಯಾವಾಗ ಬೇಕಾದರೂ ತೆಗೆಯುವಂತೆ ನಿಮ್ಮ ಹೆಸರಿನ ಬ್ಯಾಂಕ್ ಖಾತೆಯಲ್ಲಿರಲಿ. ಯುಎಇಯಲ್ಲಿ ಇರುವವರು 2023ರ ಜನವರಿಯಿಂದ ಕಡ್ಡಾಯವಾದ ಉದ್ಯೋಗ ನಷ್ಟ ವಿಮೆಯನ್ನು ತಪ್ಪದೆ ನವೀಕರಿಸಿ. ಮೂಲ ಸಂಬಳ 16 ಸಾವಿರ ದಿರ್ಹಮ್ ಒಳಗಿದ್ದರೆ ತಿಂಗಳಿಗೆ ಐದು ದಿರ್ಹಮ್ ಅಷ್ಟೇ. ಕನಿಷ್ಠ 12 ತಿಂಗಳು ಕಟ್ಟಿದ್ದರೆ, ಕೆಲಸ ಹೋದಾಗ ಮೂರು ತಿಂಗಳವರೆಗೆ ಮೂಲ ಸಂಬಳದ ಶೇ. 60ರಷ್ಟು ಸಿಗುತ್ತದೆ. ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು, ಬಿಟ್ಟು ಹೋಗುವ ಷರತ್ತು ಏನು ಎಂದು ಮೊದಲು ಓದಿ, ಸಂಬಳದ ಸಾಲು ಆಮೇಲೆ ನೋಡಿ.

ಮಕ್ಕಳನ್ನು ಅಮೆರಿಕಕ್ಕೆ ಕಳಿಸುವ ಕನಸು ತಪ್ಪಲ್ಲ, ಪ್ಲೇನೋದಲ್ಲಿ ನೆಮ್ಮದಿಯಾಗಿರುವ ಕನ್ನಡಿಗ ಡಾಕ್ಟರುಗಳೂ ಬೇಕಾದಷ್ಟು ಇದ್ದಾರೆ. ಆದರೆ ಹೋಗುವ ಮಗಳ ಕೈಗೆ ಸರ್ಟಿಫಿಕೇಟ್‌ಗಳ ಫೈಲ್ ಕೊಡುವಾಗ ಈ ಮೂರು ಪ್ರಶ್ನೆಗಳನ್ನೂ ಬರೆದುಕೊಡಿ: ಕೆಲಸ ಹೋದರೆ ಎಷ್ಟು ದಿನ ಇರಬಹುದು? ಬರಬೇಕಾದ ಬಾಕಿ ಯಾರ ಹೆಸರಿನಲ್ಲಿದೆ? ಉಳಿಸಿದ ಹಣ ಆ ಮಾಲೀಕನಿಲ್ಲದೆಯೂ ಉಳಿಯುತ್ತದೆಯೇ? ಬರೆಯುವ ಮುಂಚೆ ನಾವೂ ಒಮ್ಮೆ ಉತ್ತರ ಹೇಳಿಕೊಂಡು ನೋಡೋಣ.