ಗಾಜಿನ ಹಿಂದಿನ ಕಾಡಿನಲ್ಲಿ ಮನುಷ್ಯರೇಕಿಲ್ಲ?

ಎದುರಿಗಿರುವುದು ಚಿತ್ರವೆಂಬುದನ್ನು ನೋಡುಗನು ಮರೆಯಬೇಕು, ತಾನು ಆ ಸ್ಥಳದಲ್ಲಿಯೇ ನಿಂತಿರುವೆನೆಂದು ನಂಬಬೇಕು. ಇಂಥ ಪ್ರದರ್ಶನಕಲೆ ಹೊಸದಲ್ಲ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿ ಇದಕ್ಕೆ ಪೇಟೆಂಟ್ ಪಡೆದು, 1793ರಲ್ಲಿ ಲಂಡನ್ನಿನಲ್ಲಿ ಇದಕ್ಕೆಂದೇ ದುಂಡನೆಯ ಕಟ್ಟಡವೊಂದನ್ನು ತೆರೆದ. ಸುತ್ತಲೂ ಚಿತ್ರ, ಅದರ ಮೇಲಂಚು ಕೆಳಂಚುಗಳು ಕಾಣದಂತೆ ಮರೆ. ಅಂಚು ಕಾಣದಿದ್ದಲ್ಲಿ, ಚಿತ್ರದಿಂದ ಹೊರಗುಳಿದದ್ದೇನು ಎಂಬ ಪ್ರಶ್ನೆಯೂ ಏಳುವುದಿಲ್ಲ. ಈ ಕಲೆಯ ಶಕ್ತಿ ಅದೇ, ಅಪಾಯವೂ ಅದೇ.

ನ್ಯೂಯಾರ್ಕಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ 1936ರಲ್ಲಿ ತೆರೆದ ಆಫ್ರಿಕದ ಪ್ರಾಣಿಗಳ ಸಭಾಂಗಣವನ್ನೇ ನೋಡಬಹುದು. ಅಲ್ಲಿ ಗಾಜಿನ ಹಿಂದೆ 28 ದೃಶ್ಯಗಳಿವೆ. ಬಾಗಿದ ಹಿನ್ನೆಲೆಗೋಡೆಯ ಚಿತ್ರ, ಕೃತಕ ಎಲೆ, ನಿಜವಾದ ಚರ್ಮ. ಗೊರಿಲ್ಲಾಗಳ ದೃಶ್ಯಕ್ಕಾಗಿ ಕಾರ್ಲ್ ಏಕ್ಲಿ 1921ರಲ್ಲಿ ಕಾಂಗೋದ ವಿರುಂಗ ಪರ್ವತಗಳಿಗೆ ಹೋಗಿ ಅವುಗಳನ್ನು ಬೇಟೆಯಾಡಿದ. ಹೊರೆ ಹೊತ್ತವರು, ದಾರಿ ತೋರಿದವರು ಆ ನೆಲದ ಜನರೇ. ಆದರೆ ಗಾಜಿನ ಹಿಂದೆ ಅವರ ಹೆಜ್ಜೆಗುರುತೂ ಇಲ್ಲ.

ಇಂಥ ದೃಶ್ಯಗಳಿಂದಲೇ ಕಾಡಿನ ಮೇಲೆ ಪ್ರೀತಿ ಹುಟ್ಟುವುದೆಂದು ಇವನ್ನು ಮೆಚ್ಚುವವರು ವಾದಿಸುತ್ತಾರೆ. ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಕಾಲಕ್ರಮವನ್ನು ಗಮನಿಸಬೇಕು. ಬೇಟೆಯ ಅನುಭವದಿಂದಲೇ ಮನಸ್ಸು ಬದಲಾದ ಏಕ್ಲಿ ಗೊರಿಲ್ಲಾಗಳ ರಕ್ಷಣೆಗಾಗಿ ಒತ್ತಾಯಿಸಿದ. ಅಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದದ್ದು 1925ರಲ್ಲಿ, ಗಾಜಿನ ದೃಶ್ಯ ತೆರೆಯುವುದಕ್ಕೆ 11 ವರ್ಷ ಮೊದಲು. ಗೊರಿಲ್ಲಾಗಳಿಗೆ ರಕ್ಷಣೆ ತಂದದ್ದು ಕಾನೂನೇ ಹೊರತು ಪ್ರದರ್ಶನವಲ್ಲ.

ಪ್ರದರ್ಶನ ಕಲಿಸಿದ್ದು ಬೇರೊಂದು ಪಾಠವನ್ನು: ಮನುಷ್ಯರಿಲ್ಲದ ಕಾಡೇ ನಿಜವಾದ ಕಾಡು ಎಂಬುದನ್ನು. ಆಡಳಿತಗಾರರ ಕಣ್ಣೂ ಅದೇ ಪಾಠವನ್ನು ಒಪ್ಪಿಕೊಂಡಿತ್ತು. 1991ರಲ್ಲಿ ಉಗಾಂಡದ ಬ್ವಿಂಡಿ ಮತ್ತು ಮ್ಗಾಹಿಂಗ ಅರಣ್ಯಗಳು ರಾಷ್ಟ್ರೀಯ ಉದ್ಯಾನಗಳಾದಾಗ, ತಲೆಮಾರುಗಳಿಂದ ಅಲ್ಲಿದ್ದ ಬಾಟ್ವಾ ಜನ ಕಾಡಿನಿಂದ ಹೊರದೂಡಲ್ಪಟ್ಟರು. ಚಿತ್ರದಿಂದ ಅಳಿಸಲ್ಪಟ್ಟವರನ್ನು ನೆಲದಿಂದ ಅಳಿಸುವುದು ಕಷ್ಟವಾಗಲಿಲ್ಲ.

ಮಲೆನಾಡಿಗೆ ಈ ಕಥೆ ದೂರದ್ದಲ್ಲ. ನಾಗರಹೊಳೆಯಿಂದ ಹೊರಹಾಕಲ್ಪಟ್ಟ ಜೇನುಕುರುಬರಿಗೂ, ಕುದುರೆಮುಖದ ಅಂಚಿನ ಹಳ್ಳಿಗರಿಗೂ ಆ ಕಣ್ಣಿನ ಪರಿಚಯ ಚೆನ್ನಾಗಿದೆ. ಇಂದು ತಲೆಗೆ ಸಾಧನ ತೊಡಿಸಿ, ಮೂಗಿಗೆ ಮಣ್ಣಿನ ವಾಸನೆಯಿಲ್ಲದ, ಕಾಲಿಗೆ ಇಂಬಳ ಹತ್ತದ ಕಾಡನ್ನು ಸುತ್ತಲೂ ತೋರಿಸುವ ತಂತ್ರಜ್ಞಾನ ಬಂದಿದೆ. ಸಾಧನ ಹೊಸದು, ಮರೆ ಹಳೆಯದು. ಸೊಪ್ಪಿನ ಬೆಟ್ಟ, ದೇವರಕಾಡು, ಕಾನು ಇವೆಲ್ಲ ಜನರ ಕೈ ಸೋಕಿಯೂ ಉಳಿದ ಹಸಿರು. ಯಾವ ಗಾಜಿನ ಪೆಟ್ಟಿಗೆಯಲ್ಲಿ ಇವುಗಳಿಗೆ ಸ್ಥಾನವಿದೆ?

ಆದುದರಿಂದ ವಿದ್ಯಾರ್ಥಿಗಳು ಇಂಥ ಪ್ರತಿಯೊಂದು ದೃಶ್ಯದ ಮುಂದೆ ನಿಂತು ಕೇಳಬೇಕು: ಇಲ್ಲಿ ಯಾರು ವಾಸವಾಗಿದ್ದರು? ಅವರೀಗ ಎಲ್ಲಿದ್ದಾರೆ? 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. ಹಳ್ಳಿಗರು ಆ ಅಧಿಕಾರವನ್ನು ಚಲಾಯಿಸದಿದ್ದರೆ, ನಾಳೆ ಮಲೆನಾಡೂ ಒಂದು ಸುಂದರವಾದ ದೃಶ್ಯವಾಗಿ ಉಳಿದೀತು, ಮಲೆನಾಡಿಗರಿಲ್ಲದೆ.