ಜೋಗುಳಭಾವಿಯ ವಿವೇಕ

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳು ಬಂದುವೆಂದರೆ ಸವದತ್ತಿಯ ದಾರಿಗಳೆಲ್ಲ ಯಲ್ಲಮ್ಮನ ಗುಡ್ಡದತ್ತ ಸಾಗುತ್ತವೆ. ಚಕ್ಕಡಿ ಕಟ್ಟಿಕೊಂಡು ಬಂದವರೂ ಬಸ್ಸಿನಲ್ಲಿ ಬಂದವರೂ ಜೋಗುಳಭಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ‘ಉಧೋ ಉಧೋ’ ಎನ್ನುತ್ತ ಗುಡ್ಡವೇರುತ್ತಾರೆ. ಅವರು ಹೊತ್ತು ತರುವ ಹರಕೆಗಳಲ್ಲಿ ಎರಡು ಬಹು ಹಳೆಯವು: ಮೈಯ ಬೇನೆ ಹೋಗಲಿ, ಮಡಿಲು ತುಂಬಲಿ.

ಆ ಭಾವಿಗೊಂದು ಐತಿಹ್ಯವುಂಟು. ರೇಣುಕೆಯ ಮನಸ್ಸು ಕ್ಷಣಕಾಲ ಚಂಚಲವಾಯಿತೆಂದು ಮುನಿದು ಜಮದಗ್ನಿ ಶಪಿಸಿದನು. ಆಕೆಯ ಮೈ ರೋಗದಿಂದ ವಿರೂಪಗೊಂಡಿತು. ಆಶ್ರಮದಿಂದ ಹೊರಬಿದ್ದ ಆಕೆಗೆ ಎಕ್ಕಯ್ಯ, ಜೋಗಯ್ಯರೆಂಬ ಯೋಗಿಗಳು ಆಸರೆಯಾದರು. ಅವರು ಆಕೆಯ ಶೀಲವನ್ನು ವಿಚಾರಣೆ ಮಾಡಿದರೆಂದು ಜನ ಹೇಳುವುದಿಲ್ಲ. ಉಪಚರಿಸಿ ಗುಣಪಡಿಸಿದರೆಂದು ಹೇಳುತ್ತಾರೆ.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ರೋಗವು ಸ್ತ್ರೀಪುರುಷರ ಸಮಾಗಮದಿಂದ ಬಂದುದಾದರೆ ಮೊದಲು ವಿಚಾರಣೆ, ಅನಂತರ ಮೌನ, ಕಟ್ಟಕಡೆಗೆ ವೈದ್ಯ. ಈ ವಿಳಂಬವೇ ರೋಗಕ್ಕೆ ಸಿಗುವ ದೊಡ್ಡ ಸಹಾಯ. ಗೊನೋರಿಯಾ, ಕ್ಲಮೈಡಿಯಾ ಎಂಬ ಸೋಂಕುಗಳು ಹೆಂಗಸರಲ್ಲಿ ಅನೇಕ ವೇಳೆ ಯಾವ ಲಕ್ಷಣವನ್ನೂ ತೋರದೆಯೇ ಅಂಡನಾಳಗಳನ್ನು ಕೆಡಿಸಿ ಮುಚ್ಚಬಲ್ಲವು. ಪರಸ್ಥಳದಲ್ಲಿ ದುಡಿಯುವ ಗಂಡ ತಂದ ಸೋಂಕು ಮಡದಿಯ ಬಂಜೆತನವಾಗಿ ಪರಿಣಮಿಸಬಹುದು. ಆಗ ಹರಕೆ ಹೊರುವವಳೂ ಅವಳೇ, ಬಂಜೆಯೆಂಬ ಮಾತನ್ನು ಹೊರುವವಳೂ ಅವಳೇ.

ಭಾವಪ್ರಕಾಶವೆಂಬ ವೈದ್ಯಗ್ರಂಥದಲ್ಲಿ ಫಿರಂಗರೋಗವೆಂದು ಕರೆದಿರುವ ಸಿಫಿಲಿಸ್ ಇನ್ನೂ ಮೋಸಗಾರ. ಅದರ ಮೊದಲ ಹುಣ್ಣು ನೋವಿಲ್ಲದೆ ಬಂದು ತಾನಾಗಿಯೇ ಮಾಯುತ್ತದೆ, ರೋಗಿ ನಿಶ್ಚಿಂತನಾಗುತ್ತಾನೆ. ಆದರೆ ರೋಗ ಒಳಗೇ ಉಳಿದು, ವರ್ಷಗಳ ಮೇಲೆ ಹೃದಯಕ್ಕೋ ಮೆದುಳಿಗೋ ಕೈಹಾಕಬಹುದು. ಬಸುರಿಯ ಹೊಟ್ಟೆಯಲ್ಲಿರುವ ಕೂಸನ್ನು ಕೊಲ್ಲಬಹುದು. ಇಂಥ ರೋಗಕ್ಕೂ 1943ರಿಂದ ಪೆನಿಸಿಲಿನ್ನಿನ ಚಿಕಿತ್ಸೆಯುಂಟು. ಅಡ್ಡಿಯಾಗಿರುವುದು ಔಷಧದ ಕೊರತೆಯಲ್ಲ, ಹೇಳಿಕೊಳ್ಳುವ ನಾಚಿಕೆ.

1986ರಲ್ಲಿ ಚೆನ್ನೈಯಲ್ಲಿ ಭಾರತದ ಮೊದಲ ಎಚ್.ಐ.ವಿ. ಸೋಂಕುಗಳು ಪತ್ತೆಯಾದುವು. ಮುಂದೆ ಆ ಸೋಂಕು ಬೆಳಗಾವಿ, ಬಾಗಲಕೋಟೆಗಳ ಸೀಮೆಗೂ ಬಂದಿತು. ಆಗ ಊರು ಬೆರಳು ತೋರಿದುದು ಬಡತನದಲ್ಲಿ ಹುಟ್ಟಿ, ಎಳವೆಯಲ್ಲಿಯೇ ಮುತ್ತು ಕಟ್ಟಿಸಿಕೊಂಡ ದೇವದಾಸಿಯರತ್ತ. ಮುಂಬಯಿ ಪ್ರಾಂತದ 1934ರ ಕಾನೂನು, ಕರ್ನಾಟಕದ 1982ರ ಕಾನೂನು ಎರಡೂ ಆ ಸಮರ್ಪಣೆಯನ್ನು ನಿಷೇಧಿಸಿದ್ದುವು. ಅವರ ಬಾಗಿಲಿಗೆ ಬಂದುಹೋದ ಗಂಡಸರ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಸೋಂಕನ್ನು ತಮ್ಮ ಮನೆಗೆ ಕೊಂಡೊಯ್ದವರು ಅವರೇ. ಮುಂದೆ ಇದೇ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡರು. ನಿರೋಧ್ ಇಲ್ಲದೆ ಒಲ್ಲೆವೆನ್ನಲು ಕಲಿತರು, ತಮ್ಮ ಜೊತೆಯವರಿಗೂ ಕಲಿಸಿದರು. ಸಂಭಾವಿತ ಮನೆಗಳು ಅವರಿಂದ ಕಲಿಯಬೇಕಾದುದುಂಟು.

1968ರಲ್ಲಿ ಸಂತಾನಮಿತಿಗೆಂದು ಬಂದ ನಿರೋಧ್ ರೋಗವನ್ನೂ ತಡೆಯುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಗರ್ಭನಿರೋಧಕ ಮಾತ್ರೆ, ವಂಕಿಗಳು ಬಸಿರನ್ನು ತಡೆದಾವೇ ಹೊರತು ಸೋಂಕನ್ನಲ್ಲ. ನಿರೋಧನ್ನು ಪ್ರತಿಸಲವೂ ಹೊಸದಾಗಿ, ಮೊದಲಿನಿಂದ ಕೊನೆಯವರೆಗೆ ಬಳಸಬೇಕು. ಕೊಬ್ಬರಿ ಎಣ್ಣೆ ತಾಗಿದರೆ ರಬ್ಬರು ಹರಿಯುತ್ತದೆ. ಹರಿದು ಆತಂಕವಾದರೆ 72 ಗಂಟೆಗಳೊಳಗಾಗಿ ವೈದ್ಯರನ್ನು ಕಾಣಬೇಕು, ಎಚ್.ಐ.ವಿ. ತಡೆಯುವ ಔಷಧವುಂಟು, ಬೇಗ ಹೋದಷ್ಟೂ ಲೇಸು. ಗರ್ಭಕೋಶದ ಕೊರಳಿನ ಅರ್ಬುದಕ್ಕೆ ಕಾರಣವಾಗುವ ಎಚ್.ಪಿ.ವಿ.ಯನ್ನು ನಿರೋಧ್ ಪೂರ್ತಿಯಾಗಿ ತಡೆಯಲಾರದು. ಅದಕ್ಕೂ ಹೆಪಟೈಟಿಸ್ ಬಿ ರೋಗಕ್ಕೂ ಲಸಿಕೆಗಳಿವೆ.

ಸಂಶಯವಿದ್ದರೆ ಪರೀಕ್ಷೆ ದಂಪತಿಗಳಿಬ್ಬರಿಗೂ ಆಗಬೇಕು, ಚಿಕಿತ್ಸೆಯೂ ಇಬ್ಬರಿಗೂ. ಒಬ್ಬರಿಗೆ ಮಾತ್ರ ಮದ್ದು ಕೊಟ್ಟರೆ ರೋಗ ಅದೇ ಮನೆಯಲ್ಲಿ ಸುತ್ತುತ್ತಿರುತ್ತದೆ. ಎಚ್.ಐ.ವಿ. ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಔಷಧವೂ 2004ರಿಂದ ಉಚಿತ. ತಪ್ಪದೆ ಔಷಧ ಸೇವಿಸಿ ರಕ್ತದಲ್ಲಿ ವೈರಾಣು ಕಾಣದಷ್ಟು ಇಳಿದವರಿಂದ ಸಂಗಾತಿಗೆ ಸಮಾಗಮದ ಮೂಲಕ ಸೋಂಕು ತಗಲುವುದಿಲ್ಲ. ತಾಯಿ ವೇಳೆಗೆ ಸರಿಯಾಗಿ ಔಷಧ ಪಡೆದರೆ ಕೂಸೂ ಸೋಂಕಿಲ್ಲದೆ ಹುಟ್ಟಬಲ್ಲುದು. ವಿಷಯವನ್ನು ಗುಟ್ಟಾಗಿಡಬೇಕೆಂದು 2017ರ ಕಾನೂನು ಹೇಳುತ್ತದೆ. ಮಾತನಾಡಲು ಸಂಕೋಚವಾದವರು 1097ಕ್ಕೆ ಫೋನು ಮಾಡಿ ವಿಚಾರಿಸಬಹುದು.

ಗುಡ್ಡಕ್ಕೆ ಹೋಗುವವರು ಹೋಗಲಿ, ಹರಕೆ ಹೊರುವವರು ಹೊರಲಿ. ಆದರೆ ಮಡಿಲು ತುಂಬಲಿಲ್ಲವೆಂದು ಸೊಸೆಯನ್ನು ಜೋಗುಳಭಾವಿಗೆ ಕರೆದೊಯ್ಯುವ ಅತ್ತೆ, ಮಗನನ್ನೂ ಸೊಸೆಯನ್ನೂ ಕೂಡಿಯೇ ಒಮ್ಮೆ ಆಸ್ಪತ್ರೆಗೆ ಕಳುಹಿಸಲಿ. ಎಕ್ಕಯ್ಯ, ಜೋಗಯ್ಯರು ಮಾಡಿದುದೂ ಅಷ್ಟೇ: ತಪ್ಪು ಯಾರದೆಂದು ಕೇಳುತ್ತ ಕೂಡದೆ, ಬೇನೆಗೆ ಮದ್ದು ಕೊಟ್ಟರು.