ಅವರು ಬಂದ್ರೆ ಸಾಹಸ, ನಮ್ಮವನು ಹೋದ್ರೆ ಕೊಬ್ಬು

"ದುಡ್ಡು ಹೆಚ್ಚಾಗೈತೆ ಕಣ್ಲಾ ಅವನಿಗೆ. ಇಲ್ಲಿಂದ ಕಾರು ಹೊತ್ಕೊಂಡು ಆಫ್ರಿಕಾಕ್ಕೆ ಹೋಗ್ತಾನಂತೆ! ಅಲ್ಲೇನು ಬಾಡಿಗೆಗೆ ಕಾರು ಸಿಗಲ್ವಂತಾ?"

ಎರಡು ತಿಂಗಳಿಂದ ಈ ಮಾತನ್ನ ಮಧುಗಿರಿಯಲ್ಲಿ ಕೇಳಿದೀನಿ, ಕೊರಟಗೆರೆಯಲ್ಲಿ ಕೇಳಿದೀನಿ, ಶಿರಾದಲ್ಲಿ ನೆಂಟರ ಮನೆ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು ಪಾಯಸ ತಿಂತಾ ಕೇಳಿದೀನಿ. ಬೆಂಗಳೂರಿನ ಆಫೀಸಲ್ಲೂ ಇದೇ ಮಾತು ಬಂತು, ಇಂಗ್ಲಿಷಿನಲ್ಲಿ. ಅಷ್ಟೇ ವ್ಯತ್ಯಾಸ. ಕೇಳಿ ಕೇಳಿ ಸಾಕಾಗಿ ಇಲ್ಲಿ ಬರೆದು ಹಗುರಾಗೋಣ ಅಂತ ಕೂತಿದೀನಿ. ಸ್ವಲ್ಪ ಖಾರ ಜಾಸ್ತಿಯಾದ್ರೆ ಸಹಿಸಿಕೊಳ್ಳಿ.

ವಿಷಯ ಇಷ್ಟು. ನನ್ನ ಜೊತೆ ಇಂಜಿನಿಯರಿಂಗ್ ಓದಿದ ಮಧುಗಿರಿಯ ಗೆಳೆಯನೊಬ್ಬ ತನ್ನ ಕೆಎ 64 ನಂಬರಿನ ಕಾರನ್ನ ಮುಂಬಯಿಯಲ್ಲಿ ಕಂಟೇನರಿಗೆ ಹತ್ತಿಸಿ ಕೆನ್ಯಾದ ಮೊಂಬಾಸಾ ಬಂದರಿಗೆ ಕಳಿಸೋನಿದ್ದಾನೆ. ಅಲ್ಲಿಂದ ಟಾಂಜಾನಿಯಾ, ಜಾಂಬಿಯಾ, ಬೋಟ್ಸ್‌ವಾನಾ, ನಮೀಬಿಯಾ, ಕೊನೆಗೆ ದಕ್ಷಿಣ ಆಫ್ರಿಕಾ. ಡರ್ಬನ್‌ನಲ್ಲಿ ಮತ್ತೆ ಕಾರು ಹಡಗಿಗೆ, ಇವರು ವಿಮಾನಕ್ಕೆ. ನಾಲ್ಕು ತಿಂಗಳ ಪ್ರವಾಸ. ಇವನು, ಇವನ ಹೆಂಡತಿ, ಜೊತೆಗೆ ಹೆಂಡತಿಯ ಅಪ್ಪ. ಮಾವ ಪಾವಗಡದವರು, ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಕೆಲಸಕ್ಕೆ ಸಂಬಳವಿಲ್ಲದ ರಜೆ ಬರೆದುಕೊಟ್ಟಾಗಿದೆ. ಇದರಲ್ಲಿ ಯಾರ ಅಪ್ಪನ ಗಂಟು ಹೋಯ್ತು ಅನ್ನೋದು ನನಗಿನ್ನೂ ಅರ್ಥವಾಗಿಲ್ಲ.

ಶಿರಾ ಮೇಲೆ ಹಾದುಹೋಗೋ ಹೆದ್ದಾರಿ ನೋಡಿದೀರಲ್ಲ, ಹಿಂದಿನ ಎನ್‌ಹೆಚ್ 4, ಈಗಿನ 48. ಅದರ ಪಕ್ಕದ ಹೋಟೆಲುಗಳ ಮುಂದೆ ಆಗೀಗ ಜರ್ಮನಿಯದೋ ಫ್ರಾನ್ಸಿನದೋ ನಂಬರ್ ಪ್ಲೇಟಿನ, ಧೂಳು ಮೆತ್ತಿಕೊಂಡ ವ್ಯಾನು ನಿಂತಿರುತ್ತೆ. ನಮ್ಮ ಜನ ಸುತ್ತ ನಿಂತು ಫೋಟೋ ತೆಗೆಸಿಕೊಳ್ತಾರೆ. "ಅಲ್ಲಿಂದ ಓಡಿಸ್ಕೊಂಡು ಬಂದವ್ರಂತೆ ಕಣಪ್ಪಾ, ಏನ್ ಧೈರ್ಯ!" ಅಂತ ಬಾಯಿ ಮೇಲೆ ಬೆರಳಿಡ್ತಾರೆ. ಒಬ್ಬನಾದ್ರೂ ಹೋಗಿ "ಯಾಕ್ ಸ್ವಾಮಿ, ಇಂಡಿಯಾದಲ್ಲಿ ಬಾಡಿಗೆ ಕಾರು ಸಿಗಲ್ವಾ?" ಅಂತ ಕೇಳಿದ್ದನ್ನ ನಾನು ಕಂಡಿಲ್ಲ. ಬಿಳಿಯ ಬಂದ್ರೆ ಸಾಹಸ, ನಮ್ಮ ಮಧುಗಿರಿಯೋನು ಹೋದ್ರೆ ಕೊಬ್ಬು. ಯಾವ ನ್ಯಾಯ ರೀ ಇದು?

ಸರಿ, ಬಾಡಿಗೆ ಪ್ರಶ್ನೆಗೇ ಬರೋಣ. ನಾನೂ ಲೆಕ್ಕದ ಮನುಷ್ಯ. ಎರಡು ವಾರ, ಮೂರು ವಾರದ ಪ್ರವಾಸಕ್ಕೆ ಕಾರು ಸಾಗಿಸೋದು ಶುದ್ಧ ದಡ್ಡತನ, ಒಪ್ಪಿದೆ. ಬರೀ ಯೂರೋಪ್ ನೋಡೋರಿಗೆ ಫ್ರಾನ್ಸಿನಲ್ಲಿ ಹೊರಗಿನ ಪ್ರವಾಸಿಗಳಿಗೆ ತಿಂಗಳುಗಟ್ಟಲೆ ಹೊಸ ಕಾರನ್ನೇ ಗುತ್ತಿಗೆ ಕೊಡೋ ಪದ್ಧತಿ ಇದೆ, ಅದನ್ನೇ ತಗೊಳ್ಳಲಿ. ಆದ್ರೆ ಹಡಗಿನ ಖರ್ಚು ಹತ್ತು ದಿನದ ಪ್ರವಾಸಕ್ಕೂ ಅಷ್ಟೇ, 120 ದಿನಕ್ಕೂ ಅಷ್ಟೇ. ಬಾಡಿಗೆ ಮೀಟರು ಹಾಗಲ್ಲ, ದಿನಾ ಓಡುತ್ತೆ. ಎಲ್ಲೋ ಒಂದು ಕಡೆ ಎರಡು ಗೆರೆ ಒಂದನ್ನೊಂದು ದಾಟಲೇಬೇಕು. ಇದು ಪಿಯುಸಿ ಗಣಿತ. ಅದರ ಮೇಲೆ, ಆರು ದೇಶ ದಾಟಿಸಿ ಬೇರೆ ದೇಶದಲ್ಲಿ ಬಿಟ್ಟು ಬರ್ತೀನಿ ಅಂದ್ರೆ ಬಾಡಿಗೆ ಕಂಪನಿಗಳು ಒಂದೋ ಆಗಲ್ಲ ಅಂತಾವೆ, ಇಲ್ಲವೇ ವಾಪಸ್ ತರೋ ಖರ್ಚನ್ನ ನಮ್ಮ ತಲೆಗೇ ಕಟ್ತಾವೆ. ಎಷ್ಟೋ ಕಂಪನಿಗಳಲ್ಲಿ ಓಡಿಸೋರ ವಯಸ್ಸಿಗೆ ಮೇಲ್ಮಿತಿಯೂ ಇದೆ.

ಗೆಳೆಯ ಆಫ್ರಿಕಾ ಆರಿಸಿಕೊಂಡಿದ್ದು ಜಂಬಕ್ಕಲ್ಲ, ತಲೆ ಓಡಿಸಿಯೇ. ಕೆನ್ಯಾದಿಂದ ದಕ್ಷಿಣ ಆಫ್ರಿಕಾದ ತನಕ ಅವನ ದಾರಿಯ ಎಲ್ಲ ದೇಶಗಳಲ್ಲೂ ವಾಹನ ಓಡೋದು ನಮ್ಮಂಗೇ ರಸ್ತೆಯ ಎಡಗಡೆ. ಬಲಗಡೆ ಸ್ಟೀರಿಂಗಿನ ನಮ್ಮ ಕಾರಿಗೆ ಅದು ಮನೆ ಇದ್ದಂಗೆ. ಮಾವನೂ ನಿಶ್ಚಿಂತೆಯಿಂದ ಓವರ್‌ಟೇಕ್ ಮಾಡಬಹುದು. ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್‌ವಾನಾ ಮೂರೂ 1910ರಲ್ಲಿ ಶುರುವಾದ ಒಂದೇ ಸುಂಕ ಒಕ್ಕೂಟದಲ್ಲಿವೆ. ಜಾಂಬಿಯಾ ಮತ್ತು ಬೋಟ್ಸ್‌ವಾನಾ ನಡುವೆ ಜಾಂಬೆಜಿ ನದಿ ದಾಟೋಕೆ ಹಿಂದೆ ದೋಣಿಗೆ ಕಾಯಬೇಕಿತ್ತು. 2021ರಲ್ಲಿ ಕಜುಂಗುಲಾ ಸೇತುವೆ ಆಗಿ ಆ ಕಷ್ಟವೂ ತಪ್ಪಿತು. ಇಷ್ಟೆಲ್ಲ ಓದಿಕೊಂಡವನಿಗೆ "ದುಡ್ಡಿನ ಮದ" ಅಂತ ಹೆಸರಿಡೋರು ತಿರುಪತಿಗೆ ಹೊರಡುವಾಗಲಾದ್ರೂ ಇಷ್ಟು ತಯಾರಿ ಮಾಡಿದ್ರಾ?

"ಹಡಗೇ ಯಾಕೆ, ರಸ್ತೆಯಲ್ಲೇ ಹೋಗಲಿ, ಅದು ನಿಜವಾದ ಗಂಡಸ್ತನ" ಅಂದವರೂ ಇದ್ದಾರೆ. ಮ್ಯಾಪ್ ತೆಗೆದು ನೋಡಿ ಸ್ವಾಮಿ. 2015ರಲ್ಲಿ ನಿಧಿ ತಿವಾರಿ ಮತ್ತು ಇಬ್ಬರು ಗೆಳತಿಯರು (ಅಂದಹಾಗೆ, ಮೂವರೂ ಹೆಂಗಸರು) ಮ್ಯಾನ್ಮಾರ್, ಚೀನಾ ಮೇಲೆ ಹಾದು ದೆಹಲಿಯಿಂದ ಲಂಡನ್ ತಲುಪಿದರು. 17 ದೇಶ, 97 ದಿನ. 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಸೈನ್ಯ ಅಧಿಕಾರ ಹಿಡಿದು ಅಂತರ್ಯುದ್ಧ ಶುರುವಾದ ಮೇಲೆ ಆ ದಾರಿಯನ್ನ ನಂಬಿಕೊಂಡು ಸಂಸಾರ ಸಮೇತ ಹೊರಡೋ ಹಾಗಿಲ್ಲ. ಪಶ್ಚಿಮಕ್ಕಿದ್ದ ಅಟ್ಟಾರಿ ಗೇಟನ್ನ 2025ರ ಏಪ್ರಿಲ್‌ನಲ್ಲಿ ಮುಚ್ಚಿದ್ರು. ಉತ್ತರಕ್ಕೆ ಹಿಮಾಲಯ. ನೇಪಾಳ, ಭೂತಾನ್ ಕಡೆ ಒಂದು ಸುತ್ತು ಹೋಗಿಬರೋದು ಬಿಟ್ರೆ, ಕಾರು ಓಡಿಸೋನ ಪಾಲಿಗೆ ಇಷ್ಟು ದೊಡ್ಡ ಭಾರತ ಬಹುಮಟ್ಟಿಗೆ ಒಂದು ದ್ವೀಪ ಇದ್ದಂಗೆ. ದ್ವೀಪದೋನು ಹಡಗು ಹತ್ತದೆ ಇನ್ನೇನು ಹತ್ತಬೇಕು?

ಪಾವಗಡದ ಮಾವನಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯವೇ ಬೀಳಲಿಲ್ಲ. ತುಮಕೂರು ಜಿಲ್ಲೆಯ ತಾಲ್ಲೂಕಾದ್ರೂ ಪಾವಗಡದಿಂದ ಮಧುಗಿರಿಗೆ ಬರೋಕೆ ಮಧ್ಯೆ ಆಂಧ್ರದ ನೆಲ ದಾಟಬೇಕು. ಮೂವತ್ತು ವರ್ಷ ದಿನಾ ಗಡಿ ದಾಟಿ ತನ್ನದೇ ಜಿಲ್ಲೆಗೆ ಬಂದ ಮನುಷ್ಯ ಅದು. "ಗಡಿ ಅಂದ್ರೆ ಏನಪ್ಪಾ, ಕಾಗದ ಸರಿಯಾಗಿದ್ರೆ ಬೋರ್ಡಿನ ಅಕ್ಷರ ಬದಲಾಯ್ತದೆ, ಅಷ್ಟೇ" ಅಂದ್ರು. ನಮ್ಮ ಆಫೀಸಿನ ಎಂಬಿಎಗಳಿಗಿಂತ ಇವರಿಗೆ ವಿಷಯ ಚೆನ್ನಾಗಿ ಗೊತ್ತು.

ಕಾಗದ ಅಂದೆನಲ್ಲ, ನನ್ನ ಅಸಲಿ ಸಿಟ್ಟು ಇರೋದು ಅಲ್ಲಿ. ಇದಕ್ಕೆ ಬೇಕಾದ ಮುಖ್ಯ ಕಾಗದದ ಹೆಸರು ಕಾರ್ನೆ. ಕಾರಿನ ಪಾಸ್‌ಪೋರ್ಟ್ ಅಂದ್ಕೊಳ್ಳಿ. 1954ರ ನ್ಯೂಯಾರ್ಕ್ ಒಪ್ಪಂದದ ಕಾಲದಿಂದ ಬಂದಿರೋ ವ್ಯವಸ್ಥೆ. ನಮ್ಮಲ್ಲಿ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇದನ್ನ ಕೊಡುತ್ತೆ. ಒಂದು ವರ್ಷದ ಪುಸ್ತಕ, ಪ್ರತಿ ಹಾಳೆಯಲ್ಲಿ ಮೂರು ಭಾಗ. ದೇಶದೊಳಗೆ ಹೋಗುವಾಗ ಒಂದು ಚೀಟಿ ಹರಿದುಕೊಳ್ತಾರೆ, ಹೊರಗೆ ಬರುವಾಗ ಇನ್ನೊಂದು, ಮೂಲದ ತುಂಡು ಎರಡೂ ಮೊಹರಿನ ಸಮೇತ ನಮ್ಮ ಹತ್ತಿರ ಉಳಿಯುತ್ತೆ. ಪಾವಗಡದ ಸೋಲಾರ್ ಪಾರ್ಕಿಗೆ ಹದಿಮೂರು ಸಾವಿರ ಎಕರೆಯನ್ನ ರೈತರು ಮಾರಲಿಲ್ಲ, ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆ ಕೊಟ್ಟರು. ನೆಲ ಅವಧಿ ಮುಗಿದ ಮೇಲೆ ವಾಪಸ್ ಬರಬೇಕು. ಕಾರ್ನೆ ಹೇಳೋದೂ ಅದನ್ನೇ: ಈ ಕಾರನ್ನ ನಿಮ್ಮ ದೇಶದಲ್ಲಿ ಮಾರಲ್ಲ, ವಾಪಸ್ ತರ್ತೀನಿ, ಅದಕ್ಕೇ ಆಮದು ಸುಂಕ ಕಟ್ಟಲ್ಲ.

ಇಲ್ಲೀತನಕ ಎಲ್ಲ ಚೆಂದ. ಆದ್ರೆ ತರದೇ ಹೋದ್ರೆ? ಅದಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಕಾರಿನ ಬೆಲೆ ಮತ್ತು ಹೋಗೋ ದೇಶಗಳ ಸುಂಕ ನೋಡಿ ಮೊತ್ತ ನಿಗದಿಯಾಗುತ್ತೆ. ಸುಂಕ ಜಾಸ್ತಿ ಇರೋ ದೇಶಗಳಾದ್ರೆ ಅದು ಕಾರಿನ ಬೆಲೆಯನ್ನೇ ಮೀರುತ್ತೆ. ಗೆಳೆಯನ ಬ್ಯಾಂಕು (ಹೆಸರು ಬೇಡ) ಅಷ್ಟೂ ದುಡ್ಡನ್ನ ಎಫ್‌ಡಿ ಇಡಿಸಿಕೊಂಡು, ಅದರ ಮೇಲೆ ಕಮಿಷನ್ನೂ ಹಾಕಿತು. ಕಾರು ತಿರುಗಿ ಬಂದು, ಪುಸ್ತಕದಲ್ಲಿ ಎಲ್ಲ ಮೊಹರು ಸರಿ ಇದೆ ಅಂತ ಆಗೋವರೆಗೂ ಆ ದುಡ್ಡು ಮುಟ್ಟೋ ಹಾಗಿಲ್ಲ. ಒಂದು ಗಡಿಯಲ್ಲಿ ಹೊರಹೋಗೋ ಮೊಹರು ತಪ್ಪಿತೋ, ಆ ದೇಶದ ಕಸ್ಟಮ್ಸ್ ಪೂರ್ತಿ ಸುಂಕ ಕೇಳಬಹುದು.

ಅಸೋಸಿಯೇಷನ್ ಅನ್ನ ನಾನು ಬೈತಿಲ್ಲ. ಹೊರದೇಶಕ್ಕೆ ಅದು ಜಾಮೀನು ನಿಲ್ಲುತ್ತೆ, ಜಾಮೀನು ನಿಂತೋನು ಹುಷಾರಾಗಿರಲೇಬೇಕು. ನಾನು ಕೇಳೋದು ಇಷ್ಟೇ: ಬೇರೆ ಕೆಲವು ದೇಶಗಳಲ್ಲಿ ಪೂರ್ತಿ ಠೇವಣಿಯ ಬದಲು ವಿಮೆ ಕಂತು ಕಟ್ಟಿ ಕಾರ್ನೆ ಪಡೆಯೋ ದಾರಿ ಮಾಡಿದ್ದಾರೆ. ನಮ್ಮ ವಿಮಾ ಕಂಪನಿಗಳು ಬೆಳೆಗೆ, ಹಸುಗೆ, ಮೊಬೈಲಿಗೆ ವಿಮೆ ಮಾಡ್ತಾವೆ, ಇದಕ್ಕೆ ಯಾಕೆ ಮುಂದೆ ಬರಲ್ಲ? ಬರಲ್ಲ, ಯಾಕಂದ್ರೆ ಕೇಳೋರಿಲ್ಲ. ಕೇಳೋರು ಯಾಕಿಲ್ಲ? ಕೇಳಿದೋನಿಗೆ ಕೊಬ್ಬು ಅಂತ ಹೆಸರಿಟ್ಟು ಕೂರಿಸ್ತೀವಲ್ಲ, ಅದಕ್ಕೇ. ನಿಮ್ಮ ಕುಹಕದಿಂದ ಶ್ರೀಮಂತ ನಿಲ್ಲಲ್ಲ. ಅವನ ಎಫ್‌ಡಿ ತಯಾರಾಗೇ ಇರುತ್ತೆ. ನಿಲ್ಲೋನು ಬಸ್ ಡ್ರೈವರ್ ಮಾವನನ್ನ ಕರೆದುಕೊಂಡು ಹೊರಟ ಸಂಬಳದ ಮನುಷ್ಯ.

ಇನ್ನೊಂದು ವಾದವಿದೆ, ಅದು ಸ್ವಲ್ಪ ಚುಚ್ಚುತ್ತೆ. "ಪಾವಗಡದಲ್ಲಿ ಕುಡಿಯೋ ನೀರಲ್ಲಿ ಫ್ಲೋರೈಡು, ಇವನಿಗೆ ಆಫ್ರಿಕಾ ಬೇಕಾ?" ನೀರಿನ ಕಷ್ಟ ಸುಳ್ಳಲ್ಲ. ಆದ್ರೆ ಇದೇ ಮಾತನ್ನ ಇವರು ಕಲ್ಯಾಣಮಂಟಪದ ಬಾಗಿಲಲ್ಲಿ ನಿಂತು ಹೇಳಲ್ಲ. ಸಾಲ ಮಾಡಿ ಮೂರು ದಿನದ ಮದುವೆ, ಮನೆ ಕಟ್ಟಿ ಮೇಲೊಂದು ಕಾಣೋಕೆ ಚೆಂದ ಅಂತ ಕಮಾನು, ವಾರಕ್ಕೊಮ್ಮೆ ಹೊರಬರೋ ದೊಡ್ಡ ಕಾರು, ಇವಕ್ಕೆಲ್ಲ ನಮ್ಮ ಬರಗಾಲ ಅಡ್ಡ ಬರಲ್ಲ. ನಮ್ಮ ನಾಲ್ಕೂ ತಾಲ್ಲೂಕಿನ ಜನ ಊರು ಬಿಡೋದು ಹೊಸದೇನಲ್ಲ. ಹೊಟ್ಟೆಪಾಡಿಗೆ ಬಿಟ್ರೆ ಪಾಪ ಅಂತೀವಿ, ಓದೋಕೆ ಬಿಟ್ರೆ ಹೆಮ್ಮೆ ಪಡ್ತೀವಿ, ಅಮೆರಿಕಾಕ್ಕೆ ಕೆಲಸಕ್ಕೆ ಹೋದ್ರೆ ಪೇಪರಿನಲ್ಲಿ ಫೋಟೋ ಹಾಕಿಸ್ತೀವಿ. ಬರೀ ನೋಡೋಕೆ ಅಂತ ಹೊರಟ್ರೆ ಮಾತ್ರ ಮೈ ಉರಿಯುತ್ತೆ. ಜಗತ್ತು ನೋಡೋ ಆಸೆ ಹಸಿರು ಸೀಮೆಯೋರಿಗೆ ಮಾತ್ರ ಅಂತ ಎಲ್ಲಿ ಬರೆದಿದೆ?

ಹೋಗೋರಿಗೂ ಒಂದು ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರೆ ಇದು ಏಕಪಕ್ಷೀಯ ಆಗುತ್ತೆ. ಬಾನೆಟ್ ತುಂಬ ಪ್ರಾಯೋಜಕರ ಸ್ಟಿಕ್ಕರು, ಪ್ರತಿ ಗಡಿಯಲ್ಲೊಂದು ಸೆಲ್ಫಿ, ಬಂದ ಮೇಲೆ ಸನ್ಮಾನ, ಹಾರ, ಶಾಲು. ಇದಕ್ಕೇ ಹೋಗೋದಾದ್ರೆ ಜನ ಆಡಿಕೊಳ್ಳೋದರಲ್ಲಿ ತಪ್ಪಿಲ್ಲ. ಹೋದೋರು ವಾಪಸ್ ಬಂದು ಮುಂದಿನೋನಿಗೆ ದಾರಿ ಬರೆದಿಡಬೇಕು. ಯಾವ ಅಳತೆಯ ಕಂಟೇನರ್ ತಗೊಂಡ್ರಿ, 40 ಅಡಿಯದರಲ್ಲಿ ಇನ್ನೊಬ್ಬರ ಕಾರು ಸೇರಿಸಿ ಖರ್ಚು ಹಂಚಿಕೊಂಡ್ರಾ? ಹೊರಡುವಾಗ ನಮ್ಮ ಕಸ್ಟಮ್ಸ್ ಕಾಗದದಲ್ಲಿ ಚಾಸಿ ನಂಬರ್, ಇಂಜಿನ್ ನಂಬರ್ ಸರಿಯಾಗಿ ಬರೆಸಿದ್ರಾ? ಆರ್‌ಟಿಒ ಕೊಡೋ ಅಂತರರಾಷ್ಟ್ರೀಯ ಲೈಸೆನ್ಸಿನ ಅವಧಿ ಒಂದೇ ವರ್ಷ, ಅದನ್ನ ಹಡಗು ಹತ್ತಿಸೋ ದಿನ ನೋಡಿ ಮಾಡಿಸಿದ್ರಾ? ಹಳದಿ ಜ್ವರದ ಚುಚ್ಚುಮದ್ದು ಹೊರಡೋಕೆ ಕನಿಷ್ಠ ಹತ್ತು ದಿನ ಮುಂಚೆ ಆಯ್ತಾ? ಪೂರ್ವ ಆಫ್ರಿಕಾದ ಹಲವು ದೇಶಗಳಿಗೆ ಒಟ್ಟಿಗೆ ನಡೆಯೋ 'ಯೆಲ್ಲೋ ಕಾರ್ಡ್' ವಿಮೆ ಎಲ್ಲಿ ಕೊಂಡ್ರಿ? ಬಂದರಿನಲ್ಲಿ ಏಜೆಂಟ್ ತಡ ಮಾಡಿ ದಂಡ ಬಿದ್ರೆ ಯಾರು ಕಟ್ಟಿದ್ರು? ಜರ್ಮನ್ನರು ಇವನ್ನೆಲ್ಲ ತಮ್ಮ ಭಾಷೆಯಲ್ಲಿ ಬರೆದಿಟ್ಟಿದ್ದಾರೆ. ಕನ್ನಡದಲ್ಲಿ ಹುಡುಕಿದ್ರೆ ನನಗೆ ಸಿಕ್ಕಿದ್ದು ಸೂರ್ಯಾಸ್ತದ ವರ್ಣನೆ. ಸೂರ್ಯ ನಮ್ಮ ಏಕಶಿಲೆ ಬೆಟ್ಟದ ಹಿಂದೆಯೂ ಚೆನ್ನಾಗೇ ಮುಳುಗ್ತಾನೆ ಗುರೂ, ಮೊಹರು ಹಾಕೋ ಕಿಟಕಿ ಯಾವ ಕಡೆ ಇದೆ ಹೇಳು :-)

ಗೆಳೆಯನಿಂದ ಮಾತು ತಗೊಂಡಿದೀನಿ. ಖರ್ಚಿನ ಒಂದೊಂದು ರಸೀದಿಯನ್ನೂ ಕನ್ನಡದಲ್ಲಿ ಬರೆದು ಎಲ್ಲರ ಮುಂದೆ ಇಡ್ತಾನೆ, ಕೈಸುಟ್ಟುಕೊಂಡ್ರೆ ಅದನ್ನೂ. ನಿಮ್ಮಲ್ಲಿ ಯಾರಾದ್ರೂ ಕಾರು ಕಳಿಸಿದ್ರೆ, ಅಥವಾ ಬ್ಯಾಂಕಿನಲ್ಲಿ, ವಿಮಾ ಕಂಪನಿಯಲ್ಲಿ ಇದ್ದು ಗ್ಯಾರಂಟಿ ವಿಷಯ ಬಲ್ಲವರಾಗಿದ್ರೆ, ದಯವಿಟ್ಟು ಕೆಳಗೆ ಬರೆಯಿರಿ. ಅವನಿಗೆ ಬೇಕಾಗಿರೋದು ಅದು.

"ಬಾಡಿಗೆಗೆ ಸಿಗಲ್ವಾ?" ಅಂತ ಮಾತ್ರ ಕೇಳಬೇಡಿ. ಉತ್ತರ ಮೇಲಿದೆ.